ಡಿ ಡ್ರೈವ್‌ನಲ್ಲಿಟ್ಟರೆ ಬ್ಯಾಕಪ್ ಆಗುವುದಿಲ್ಲ: ಕಂಪ್ಯೂಟರ್ ಫೈಲ್‌ಗಳನ್ನು ಉಳಿಸಿಕೊಳ್ಳಲು ಸಮಗ್ರ ಮಾರ್ಗದರ್ಶಿ

"ಬ್ಯಾಕಪ್ ಇದೆಯಾ?" ಅಂತ ಕೇಳಿದರೆ ನಮ್ಮ ಕಡೆ ಬಹಳ ಜನ ಕೊಡುವ ಉತ್ತರ ಒಂದೇ: "ಎಲ್ಲಾ ಡಿ ಡ್ರೈವ್‌ಗೆ ಹಾಕಿದ್ದೀನಿ." ಕಂಪ್ಯೂಟರ್ ಅಂಗಡಿಯವರು ವಿಂಡೋಸ್ ಹಾಕುವಾಗ ಡಿಸ್ಕನ್ನು ಸಿ, ಡಿ, ಇ ಅಂತ ಭಾಗ ಮಾಡಿ ಕೊಡುತ್ತಾರೆ. ವಿಂಡೋಸ್ ಕೆಟ್ಟು ಸಿ ಡ್ರೈವ್ ಫಾರ್ಮ್ಯಾಟ್ ಮಾಡಬೇಕಾಗಿ ಬಂದರೆ ಡಿ ಡ್ರೈವ್‌ನಲ್ಲಿ ಇದ್ದದ್ದು ಉಳಿಯುತ್ತದೆ. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಅಭ್ಯಾಸವೇ. ಆದರೆ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಸಿ, ಡಿ ಎರಡೂ ಇರುವುದು ಒಂದೇ ಡಿಸ್ಕ್‌ನಲ್ಲಿ. ಡಿಸ್ಕ್ ಕೈಕೊಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಲ್ಯಾಪ್‌ಟಾಪ್ ಕಳುವಾದರೂ ಅಷ್ಟೇ, ಮೇಲೆ ನೀರು ಚೆಲ್ಲಿದರೂ ಅಷ್ಟೇ.

ಈ ಮಾರ್ಗದರ್ಶಿ ಮನೆಯಲ್ಲಿ, ಡಿಟಿಪಿ ಸೆಂಟರ್‌ನಲ್ಲಿ, ಲೆಕ್ಕಪತ್ರ ನೋಡುವ ಸಣ್ಣ ಆಫೀಸಿನಲ್ಲಿ ಒಂದೋ ಎರಡೋ ವಿಂಡೋಸ್ ಕಂಪ್ಯೂಟರ್ ಇಟ್ಟುಕೊಂಡವರಿಗೆ. ಬೇಕಾಗುವುದು ಜಾಸ್ತಿ ಏನಿಲ್ಲ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಒಂದು ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆ, ಮೊದಲ ಸಲಕ್ಕೆ ಒಂದು ಭಾನುವಾರ. ಆಮೇಲೆ ವಾರಕ್ಕೆ ಸ್ವಲ್ಪ ಹೊತ್ತು ಕೊಟ್ಟರೆ ಸಾಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾಪಿ ಮಾಡಿಟ್ಟ ಫೈಲನ್ನು ವಾಪಸ್ ತೆಗೆದು, ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡುವ ತನಕ ಬ್ಯಾಕಪ್ ಆಯಿತು ಅಂತ ನಂಬಬೇಡಿ. ಕೆಳಗಿನ ಹಂತಗಳೆಲ್ಲ ಆ ಪರೀಕ್ಷೆಯಲ್ಲಿ ಪಾಸಾಗುವುದಕ್ಕೇ ಇವೆ.

ಹಂತ 1: ಮತ್ತೆ ಸಿಗದೇ ಇರುವುದು ಯಾವುದು ಅಂತ ಪಟ್ಟಿ ಮಾಡಿ

ಡಿಸ್ಕ್ ಕೊಳ್ಳುವ ಮೊದಲು ಒಂದು ಹಾಳೆ ತಗೊಳ್ಳಿ. ಕಂಪ್ಯೂಟರ್‌ನಲ್ಲಿ ಇರುವುದನ್ನು ಎರಡು ಭಾಗ ಮಾಡಿ: ಹೋದರೆ ಮತ್ತೆ ಸಿಗುವುದು, ಹೋದರೆ ಸಿಗದೇ ಇರುವುದು. ಡೌನ್‌ಲೋಡ್ ಮಾಡಿದ ಸಿನಿಮಾ, ಸಾಫ್ಟ್‌ವೇರ್ ಸೆಟಪ್ ಫೈಲ್‌ಗಳು ಮತ್ತೆ ಸಿಗುತ್ತವೆ. ಪಹಣಿಯನ್ನು ಸರ್ಕಾರದ "ಭೂಮಿ" ವೆಬ್‌ಸೈಟ್‌ನಿಂದ ಮತ್ತೆ ತೆಗೆಯಬಹುದು. ಡ್ರೈವಿಂಗ್ ಲೈಸೆನ್ಸ್, ಗಾಡಿಯ ಆರ್‌ಸಿ ಡಿಜಿಲಾಕರ್‌ನಲ್ಲಿ ಸಿಗುತ್ತವೆ. ಆದರೆ ಮಗುವಿನ ಮೊದಲ ವರ್ಷದ ಫೋಟೋ, ಅಜ್ಜನ ಧ್ವನಿ ಇರುವ ರೆಕಾರ್ಡಿಂಗ್, ಹಳೆಯ ಕೈಬರಹದ ವಿಭಾಗಪತ್ರದ ಸ್ಕ್ಯಾನ್, ಅರ್ಧ ಬರೆದ ಕಾದಂಬರಿ, ನಾಲ್ಕು ವರ್ಷದ ಲೆಕ್ಕ, ಇವು ಎಲ್ಲಿಂದಲೂ ಮತ್ತೆ ಬರುವುದಿಲ್ಲ. ಮೊದಲ ಜಾಗ ಇವುಗಳಿಗೆ.

ಹುಡುಕುವಾಗ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಅಷ್ಟೇ ನೋಡಿ ನಿಲ್ಲಿಸಬೇಡಿ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್‌ಗಳಲ್ಲಿ ಮುಖ್ಯವಾದ ಫೈಲ್‌ಗಳು ಬಿದ್ದಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್‌ಗಳು ಅಲ್ಲೇ ಇರುತ್ತವೆ. ಬ್ರೌಸರ್‌ನ ಬುಕ್‌ಮಾರ್ಕ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ ಒಂದು ಫೈಲ್ ಮಾಡಿಕೊಳ್ಳಿ.

ಕನ್ನಡದಲ್ಲಿ ಕೆಲಸ ಮಾಡುವವರು ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಬ್ಯಾಕಪ್ ಬಗ್ಗೆ ಹೇಳುವ ಇಂಗ್ಲಿಷ್ ಲೇಖನಗಳಲ್ಲಿ ಇದು ಸಿಗುವುದಿಲ್ಲ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ, ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ನೊಳಗೆ ನಿಜವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಇರುತ್ತವೆ. ಅವನ್ನು ಕನ್ನಡದ ರೂಪದಲ್ಲಿ ತೋರಿಸುವುದು ಫಾಂಟ್. ಫೈಲ್ ಉಳಿಸಿಕೊಂಡು ಫಾಂಟ್ ಕಳೆದುಕೊಂಡರೆ ಹೊಸ ಕಂಪ್ಯೂಟರ್‌ನಲ್ಲಿ ಕಾಣುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಹಾಗಾಗಿ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನೀವು ಬಳಸಿದ ಕನ್ನಡ ಫಾಂಟ್‌ಗಳನ್ನೆಲ್ಲ ಕಾಪಿ ಮಾಡಿ, ಫೈಲ್‌ಗಳ ಜೊತೆಯಲ್ಲೇ ಇಡಿ. ಬಿಡುವಿದ್ದಾಗ ಆ ಫೈಲ್‌ಗಳನ್ನು ಕನ್ವರ್ಟರ್‌ನಿಂದ ಯುನಿಕೋಡ್‌ಗೆ ಬದಲಿಸಿ ಇನ್ನೊಂದು ಕಾಪಿ ಇಟ್ಟುಕೊಳ್ಳಿ. ಬದಲಿಸಿದ ಮೇಲೂ ಮೂಲ ಫೈಲ್ ಅಳಿಸಬೇಡಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕನ್ವರ್ಟರ್ ತಪ್ಪಬಹುದು.

ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್ ಬಳಸುವ ಪ್ರೆಸ್‌ನವರಿಗೂ ಇದೇ ಮಾತು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ನಂತರ ಬಂದ ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್. ಪೇಜ್‌ಮೇಕರ್ ಫೈಲ್ ತೆರೆಯಬಲ್ಲ ಅದರ ಕೊನೆಯ ಆವೃತ್ತಿ ಸಿಎಸ್6. ಈಗಿನ ಇನ್‌ಡಿಸೈನ್ ತೆರೆಯುವುದಿಲ್ಲ. ಆದ್ದರಿಂದ ಪ್ರತಿ ಪುಸ್ತಕಕ್ಕೂ ಒಂದು ಫೋಲ್ಡರ್ ಮಾಡಿ. ಪುಟದ ಫೈಲ್, ಅದರೊಳಗೆ ಲಿಂಕ್ ಆಗಿರುವ ಚಿತ್ರಗಳು, ಫಾಂಟ್‌ಗಳು, ಫಾಂಟ್ ಒಳಗೇ ಸೇರಿಸಿದ ಪಿಡಿಎಫ್, ನಾಲ್ಕೂ ಅದೇ ಫೋಲ್ಡರ್‌ನಲ್ಲಿರಲಿ. ಪುಟದ ಫೈಲ್ ಮುಂದೆ ತೆರೆಯದೇ ಹೋದರೂ ಪಿಡಿಎಫ್‌ನಿಂದ ಮರುಮುದ್ರಣ ಮಾಡಬಹುದು.

ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ಇದ್ದರೆ ಅದರ ಡೇಟಾ ಫೋಲ್ಡರನ್ನು ಸುಮ್ನೆ ಎಳೆದು ಕಾಪಿ ಮಾಡಬೇಡಿ. ಟ್ಯಾಲಿಯೊಳಗೆ ಕಂಪನಿ ತೆರೆದಿರುವಾಗ ಕಾಪಿ ಮಾಡಿದರೆ ಅರ್ಧಂಬರ್ಧ ಆಗುವ ಸಾಧ್ಯತೆ ಇದೆ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ, ಬ್ಯಾಕಪ್ ಆಯ್ಕೆ ಮಾಡಿ, ತಾರೀಖು ಹಾಕಿದ ಹೊಸ ಫೋಲ್ಡರ್‌ಗೆ ಉಳಿಸಿ. ನಿನ್ನೆಯ ಬ್ಯಾಕಪ್ ಮೇಲೆ ಇವತ್ತಿನದನ್ನು ಬರೆಯಬೇಡಿ. ನಿನ್ನೆಯದು ಚೆನ್ನಾಗಿದ್ದು ಇವತ್ತಿನ ಡೇಟಾ ಕೆಟ್ಟಿದ್ದರೆ ಎರಡನ್ನೂ ಕಳೆದುಕೊಳ್ಳುತ್ತೀರಿ.

ಹಂತ 2: ಮೂರು ಕಾಪಿ, ಎರಡು ಬಗೆ, ಒಂದು ಬೇರೆ ಊರಲ್ಲಿ

ಬ್ಯಾಕಪ್ ಲೋಕದಲ್ಲಿ 3-2-1 ಅನ್ನುವ ನಿಯಮ ಇದೆ. ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಅದನ್ನು ಜನಪ್ರಿಯ ಮಾಡಿದರು. ಮುಖ್ಯವಾದ ಪ್ರತಿ ಫೈಲ್‌ಗೂ ಮೂರು ಕಾಪಿ ಇರಬೇಕು. ಅವು ಕನಿಷ್ಠ ಎರಡು ಬಗೆಯ ಜಾಗದಲ್ಲಿ ಇರಬೇಕು. ಅದರಲ್ಲಿ ಒಂದು ಬೇರೆ ಸ್ಥಳದಲ್ಲಿ ಇರಬೇಕು. ನಮ್ಮ ಲೆಕ್ಕದಲ್ಲಿ ಲ್ಯಾಪ್‌ಟಾಪ್‌ನಲ್ಲಿ ಒಂದು, ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಗೂಗಲ್ ಅಥವಾ ಮೈಕ್ರೋಸಾಫ್ಟ್‌ನ ಕಂಪ್ಯೂಟರ್‌ಗಳಲ್ಲಿ, ಒಂದು.

ಬೇರೆ ಸ್ಥಳ ಯಾಕೆ ಬೇಕು ಅನ್ನುವುದಕ್ಕೆ ಈಚಿನ ಉದಾಹರಣೆ ದಕ್ಷಿಣ ಕೊರಿಯಾದ್ದು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಲಿಥಿಯಂ ಬ್ಯಾಟರಿಯಿಂದ ಬೆಂಕಿ ಹತ್ತಿಕೊಂಡಿತು. ಸರ್ಕಾರಿ ನೌಕರರು ಕೆಲಸದ ಕಡತ ಇಡುತ್ತಿದ್ದ ಜಿ-ಡ್ರೈವ್ ಅನ್ನುವ ವ್ಯವಸ್ಥೆಯ 858 ಟೆರಾಬೈಟ್ ಮಾಹಿತಿ ಹೋಯಿತು. ಅದರ ಕಾಪಿಯನ್ನು ಹೊರಗೆ ಎಲ್ಲೂ ಇಟ್ಟಿರಲಿಲ್ಲ. ಅಷ್ಟು ದೊಡ್ಡ ವ್ಯವಸ್ಥೆಯೇ ಹಾಗಾದರೆ, ಲ್ಯಾಪ್‌ಟಾಪ್ ಮತ್ತು ಬ್ಯಾಕಪ್ ಡಿಸ್ಕ್ ಎರಡನ್ನೂ ಒಂದೇ ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಓಡಾಡುವವರು ಯೋಚಿಸಲೇಬೇಕು ಅಲ್ವಾ?

ಊರಲ್ಲಿ ಇಂಟರ್ನೆಟ್ ನಿಧಾನ ಇದ್ದರೆ ಕ್ಲೌಡ್ ಬದಲು ಎರಡನೇ ಹಾರ್ಡ್ ಡಿಸ್ಕ್ ತಗೊಳ್ಳಿ. ಅದನ್ನು ಅಕ್ಕನ ಮನೆಯಲ್ಲೋ ಊರಿನ ಹಳೇ ಮನೆಯಲ್ಲೋ ಇಡಿ. ಹಬ್ಬಕ್ಕೆ ಹೋದಾಗ ಹೊಸ ಕಾಪಿ ಇರುವ ಡಿಸ್ಕ್ ಅಲ್ಲಿಟ್ಟು ಹಳೆಯದನ್ನು ತಂದುಬಿಡಿ. ಮಕ್ಕಳು ಅಮೆರಿಕದಲ್ಲೋ ದುಬೈನಲ್ಲೋ ಇದ್ದರೆ ರಜೆಗೆ ಬಂದಾಗ ಕುಟುಂಬದ ಫೋಟೋಗಳ ಒಂದು ಡಿಸ್ಕ್ ಅವರ ಜೊತೆ ಕಳುಹಿಸಬಹುದು. ಫೋಟೋಗಳ ಮಟ್ಟಿಗೆ ಇದು ಬಹಳ ಒಳ್ಳೆಯ ಏರ್ಪಾಡು.

ಹಂತ 3: ಡಿಸ್ಕ್ ಕೊಳ್ಳುವುದು, ಸಿದ್ಧ ಮಾಡುವುದು

ಪಟ್ಟಿಯಲ್ಲಿರುವ ಫೈಲ್‌ಗಳ ಒಟ್ಟು ಗಾತ್ರ ನೋಡಿ, ಅದರ ಎರಡರಷ್ಟಾದರೂ ಜಾಗ ಇರುವ ಡಿಸ್ಕ್ ತಗೊಳ್ಳಿ. ಬಹಳ ಮನೆಗಳಿಗೆ 1 ಅಥವಾ 2 ಟಿಬಿ ಸಾಕು. ಬ್ಯಾಕಪ್‌ಗೆ ತಿರುಗುವ ತಟ್ಟೆಯ ಸಾಮಾನ್ಯ ಹಾರ್ಡ್ ಡಿಸ್ಕೇ ನನ್ನ ಆಯ್ಕೆ. ಎಸ್‌ಎಸ್‌ಡಿ (ತಟ್ಟೆಯ ಬದಲು ಚಿಪ್‌ನಲ್ಲಿ ಮಾಹಿತಿ ಇಡುವ ಡಿಸ್ಕ್) ವೇಗವಾಗಿದೆ, ಬಿದ್ದರೆ ತಡೆಯುತ್ತದೆ. ಆದರೆ ವಿದ್ಯುತ್ ಸಂಪರ್ಕ ಇಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟರೆ ಅದರೊಳಗಿನ ಮಾಹಿತಿ ಮಾಸಬಹುದು. ಪೆನ್ ಡ್ರೈವ್ ಸಾಗಿಸುವುದಕ್ಕೆ ಸರಿ, ಇಟ್ಟುಕೊಳ್ಳುವುದಕ್ಕೆ ಅಲ್ಲ.

ಕಡಿಮೆ ಬೆಲೆಗೆ ದೊಡ್ಡ ಗಾತ್ರ ಅಂತ ಆನ್‌ಲೈನ್‌ನಲ್ಲಿ ಮಾರುವ ಪೆನ್ ಡ್ರೈವ್, ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರ. ಹೊರಗೆ 16 ಟಿಬಿ ಅಂತ ಬರೆದಿದ್ದು ಒಳಗೆ 64 ಜಿಬಿ ಚಿಪ್ ಇರುವ ನಕಲಿ ಮಾಲು ಬರುತ್ತದೆ. ಕಂಪ್ಯೂಟರ್‌ಗೆ ಹಾಕಿದರೆ 16 ಟಿಬಿ ಅಂತಲೇ ತೋರಿಸುತ್ತದೆ, ಕಾಪಿಯೂ ಆಗುತ್ತಿರುತ್ತದೆ. ಆದರೆ ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಹಾಳು. ಅನುಮಾನ ಇದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಪ್ರೋಗ್ರಾಂ ಹಾಕಿ ನೋಡಿ. ಅದು ಡಿಸ್ಕ್ ಪೂರ್ತಿ ಬರೆದು, ಮತ್ತೆ ಓದಿ, ಹೊಂದುತ್ತದೆಯೋ ಇಲ್ಲವೋ ಹೇಳುತ್ತದೆ.

ಹೊಸ ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಮ್ಯಾಕ್‌ನಲ್ಲೂ ಬರೆಯಬೇಕಿದ್ದರೆ ಮಾತ್ರ ಎಕ್ಸ್‌ಫ್ಯಾಟ್. ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಮದುವೆ ವಿಡಿಯೋ ಕಾಪಿ ಮಾಡಲು ಹೋಗಿ ಜಾಗ ಇದ್ದರೂ ಆಗುತ್ತಿಲ್ಲ ಅಂದರೆ ಕಾರಣ ಬಹುಮಟ್ಟಿಗೆ ಇದೇ. ಡಿಸ್ಕ್ ಮೇಲೆ ಒಂದು ಚೀಟಿ ಅಂಟಿಸಿ, "ಬ್ಯಾಕಪ್" ಅಂತಲೂ ಕೊಂಡ ವರ್ಷವನ್ನೂ ಬರೆಯಿರಿ. ಅದನ್ನು ಬೇರೆ ಯಾವ ಕೆಲಸಕ್ಕೂ ಬಳಸಬೇಡಿ. ಪಕ್ಕದ ಮನೆಯವರು ಸಿನಿಮಾ ಹಾಕಿಸಿಕೊಳ್ಳಲು ಕೇಳಿದರೆ ಬೇರೆ ಡಿಸ್ಕ್ ಕೊಡಿ.

ಇನ್ನೊಂದು ಕಟ್ಟುನಿಟ್ಟಿನ ಮಾತು: ಕೆಲಸ ಮುಗಿದ ತಕ್ಷಣ ಡಿಸ್ಕನ್ನು ಇಜೆಕ್ಟ್ ಮಾಡಿ ಕೇಬಲ್ ಕಿತ್ತಿಡಿ. ಇದಕ್ಕೆ ಎರಡು ಕಾರಣ. ಒಂದು, ಮುಂಗಾರಿಗೆ ಮುಂಚಿನ ಗುಡುಗು ಮಳೆ. ಸಿಡಿಲಿನಿಂದ ಕರೆಂಟ್ ಏರಿ ಕಂಪ್ಯೂಟರ್ ಸುಟ್ಟರೆ ಅದಕ್ಕೆ ತಗುಲಿಕೊಂಡಿದ್ದ ಡಿಸ್ಕೂ ಸುಡಬಹುದು. ಎರಡು, ರಾನ್ಸಮ್‌ವೇರ್. 2017ರ ಮೇ ತಿಂಗಳಲ್ಲಿ ಜಗತ್ತಿನ ತುಂಬಾ ಹರಡಿದ ವನ್ನಾಕ್ರೈ ನೆನಪಿರಬಹುದು. ಇಂಥ ಪ್ರೋಗ್ರಾಂಗಳು ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುತ್ತವೆ. ಕಂಪ್ಯೂಟರ್‌ಗೆ ಸಿಕ್ಕಿಸಿರುವ ಎಲ್ಲ ಡ್ರೈವ್‌ಗಳನ್ನೂ ಹುಡುಕಿ ಬೀಗ ಹಾಕುತ್ತವೆ. ಮನೆ ಕಂಪ್ಯೂಟರ್‌ಗೆ ಇವು ಬರುವ ಒಂದು ದೊಡ್ಡ ದಾರಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಕಿತ್ತಿಟ್ಟ ಡಿಸ್ಕನ್ನು ಯಾವ ವೈರಸ್ಸೂ ಮುಟ್ಟಲಾರದು.

ಹಂತ 4: ಮೊದಲ ಕಾಪಿ

ಎರಡು ದಾರಿ ಹೇಳುತ್ತೇನೆ. ಒಂದು ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ. ಇನ್ನೊಂದು ಫ್ರೀಫೈಲ್‌ಸಿಂಕ್ ಅನ್ನುವ ಉಚಿತ ಪ್ರೋಗ್ರಾಂ. ನಾನು ಎರಡನೆಯದರ ಕಡೆ.

ಫೈಲ್ ಹಿಸ್ಟರಿ ಬೇಕಿದ್ದರೆ ಡಿಸ್ಕ್ ಸಿಕ್ಕಿಸಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಅಂಡ್ ಸೆಕ್ಯುರಿಟಿ, ಅದರೊಳಗೆ ಫೈಲ್ ಹಿಸ್ಟರಿ ತೆರೆಯಿರಿ. ಟರ್ನ್ ಆನ್ ಒತ್ತಿದರೆ ಆಯಿತು. ಡಿಸ್ಕ್ ಸಿಕ್ಕಿಸಿರುವಷ್ಟು ಹೊತ್ತು ಅದು ಗಂಟೆಗೊಮ್ಮೆ ಬದಲಾದ ಫೈಲ್‌ಗಳನ್ನು ಕಾಪಿ ಮಾಡುತ್ತದೆ, ಹಳೆಯ ರೂಪಗಳನ್ನೂ ಇಟ್ಟುಕೊಳ್ಳುತ್ತದೆ. ಆದರೆ ಒಂದು ತೊಡಕಿದೆ. ಅದು ನೋಡಿಕೊಳ್ಳುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ತರಹದ ಲೈಬ್ರರಿಗಳನ್ನು ಮಾತ್ರ. ನಿಮ್ಮ ಕೆಲಸವೆಲ್ಲ ಡಿ ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿ ಇದ್ದರೆ ಅದು ಸೇರುವುದೇ ಇಲ್ಲ. ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಶೋ ಮೋರ್ ಆಪ್ಷನ್ಸ್, ಇನ್‌ಕ್ಲೂಡ್ ಇನ್ ಲೈಬ್ರರಿ ಅಂತ ಕೊಟ್ಟು ಸೇರಿಸಬೇಕು.

ಫ್ರೀಫೈಲ್‌ಸಿಂಕ್‌ನಲ್ಲಿ ಏನು ನಡೆಯುತ್ತದೆ ಅನ್ನುವುದು ಕಣ್ಣೆದುರಿಗೇ ಕಾಣುತ್ತದೆ. ಕಿಟಕಿ ಎರಡು ಭಾಗವಾಗಿ ತೆರೆಯುತ್ತದೆ. ಎಡಕ್ಕೆ ನಿಮ್ಮ ಮೂಲ ಫೋಲ್ಡರ್ ಎಳೆದು ಹಾಕಿ. ಬಲಕ್ಕೆ ಹಾರ್ಡ್ ಡಿಸ್ಕ್‌ನಲ್ಲಿ ಮಾಡಿದ ಬ್ಯಾಕಪ್ ಫೋಲ್ಡರ್ ಹಾಕಿ. ಎಡ ಬಲ ಅದಲುಬದಲು ಆಗಿಲ್ಲ ಅಂತ ಎರಡು ಸಲ ನೋಡಿ, ಯಾಕೆಂದರೆ ಅದಲುಬದಲಾದರೆ ಹಳೆಯ ಫೈಲ್ ಬಂದು ಹೊಸದರ ಮೇಲೆ ಕೂರುತ್ತದೆ. ಈಗ ಹಸಿರು ಹಲ್ಲುಚಕ್ರದ ಗುರುತು ಒತ್ತಿ. ಅಲ್ಲಿ ಟೂ ವೇ, ಮಿರರ್, ಅಪ್‌ಡೇಟ್ ಅಂತ ಆಯ್ಕೆಗಳಿವೆ. ಟೂ ವೇ ಬ್ಯಾಕಪ್‌ಗೆ ಬೇಡವೇ ಬೇಡ. ಮಿರರ್ ಅಂದರೆ ಎಡದಲ್ಲಿ ಇರುವುದು ಬಲದಲ್ಲೂ ಹಾಗೆಯೇ ಆಗಬೇಕು ಅಂತ ಅರ್ಥ. ಎಡದಲ್ಲಿ ನೀವು ಅಳಿಸಿದ್ದನ್ನು ಅದು ಬಲದಲ್ಲೂ ಅಳಿಸುತ್ತದೆ. ಅಪ್‌ಡೇಟ್ ಅಂದರೆ ಹೊಸದು, ಬದಲಾದದ್ದು ಮಾತ್ರ ಬಲಕ್ಕೆ ಹೋಗುತ್ತದೆ, ಎಡದಲ್ಲಿ ಅಳಿಸಿದ್ದು ಬಲದಲ್ಲಿ ಹಾಗೇ ಉಳಿಯುತ್ತದೆ. ಹೊಸಬರಿಗೆ ಅಪ್‌ಡೇಟ್ ಒಳ್ಳೆಯದು.

ಅದೇ ಕಿಟಕಿಯಲ್ಲಿ ಅಳಿಸಿದ ಮತ್ತು ಬದಲಾದ ಫೈಲ್‌ಗಳನ್ನು ಏನು ಮಾಡಬೇಕು ಅಂತ ಕೇಳುವ ಜಾಗ ಇದೆ. ಅಲ್ಲಿ ವರ್ಷನಿಂಗ್ ಆರಿಸಿ, ಹಾರ್ಡ್ ಡಿಸ್ಕ್‌ನಲ್ಲೇ "ಹಳೆಯವು" ಅಂತ ಒಂದು ಫೋಲ್ಡರ್ ಮಾಡಿ ತೋರಿಸಿ. ಹೆಸರಿಡುವ ಕ್ರಮಕ್ಕೆ ಟೈಮ್ ಸ್ಟ್ಯಾಂಪ್ ಕೊಡಿ. ಇದರ ಬೆಲೆ ಗೊತ್ತಾಗುವುದು ಇಂಥ ಸಂದರ್ಭದಲ್ಲಿ. ಸೋಮವಾರ ಎಕ್ಸೆಲ್ ಫೈಲ್‌ನಲ್ಲಿ ಒಂದು ಇಡೀ ಹಾಳೆ ಅಳಿಸಿಹೋಯಿತು, ಯಾರೂ ಗಮನಿಸಲಿಲ್ಲ. ಶನಿವಾರ ಬ್ಯಾಕಪ್ ಓಡಿತು. ವರ್ಷನಿಂಗ್ ಇಲ್ಲದಿದ್ದರೆ ಹಾಳಾದ ಫೈಲ್ ಬಂದು ಚೆನ್ನಾಗಿದ್ದದ್ದರ ಜಾಗದಲ್ಲಿ ಕೂರುತ್ತದೆ. ಇದ್ದರೆ ಚೆನ್ನಾಗಿದ್ದದ್ದು ತಾರೀಖು, ಸಮಯದ ಸಮೇತ ಹಳೆಯವು ಫೋಲ್ಡರ್‌ಗೆ ಹೋಗಿ ಉಳಿಯುತ್ತದೆ.

ಈಗ ಕಂಪೇರ್ ಒತ್ತಿ. ಏನೇನು ಕಾಪಿ ಆಗಲಿದೆ ಅನ್ನುವ ಪಟ್ಟಿ ಬರುತ್ತದೆ. ಅದನ್ನು ಓದಿ. ದಿನಕ್ಕೆ ಹತ್ತಿಪ್ಪತ್ತು ಫೈಲ್ ಬದಲಾಗುವ ಕಡೆ ಒಮ್ಮೆಗೇ ಸಾವಿರಾರು ಫೈಲ್ ಬದಲಾಗಿವೆ ಅಂತ ತೋರಿಸಿದರೆ ನಿಲ್ಲಿಸಿ. ಫೋಲ್ಡರ್ ಹೆಸರು ಬದಲಾಗಿರಬಹುದು, ಅಥವಾ ರಾನ್ಸಮ್‌ವೇರ್ ಇರಬಹುದು. ಎಲ್ಲ ಸರಿ ಇದ್ದರೆ ಸಿಂಕ್ರೊನೈಸ್ ಒತ್ತಿ. ಮೊದಲ ಸಲ ಗಂಟೆಗಟ್ಟಲೆ ಹಿಡಿಯಬಹುದು. ಮುಂದಿನ ಸಲದಿಂದ ಬದಲಾದದ್ದು ಮಾತ್ರ ಹೋಗುವುದರಿಂದ ಬೇಗ ಮುಗಿಯುತ್ತದೆ. ಈ ಜೋಡಣೆಯನ್ನು ಸೇವ್ ಮಾಡಿ ಡೆಸ್ಕ್‌ಟಾಪ್‌ನಲ್ಲಿ ಇಟ್ಟುಕೊಂಡರೆ ಪ್ರತಿ ವಾರ ಅದನ್ನೇ ತೆರೆಯಬಹುದು.

ಮ್ಯಾಕ್ ಇರುವವರಿಗೆ ಈ ಕಷ್ಟ ಇಲ್ಲ. ಅದರೊಳಗೇ ಇರುವ ಟೈಮ್ ಮಷೀನ್‌ಗೆ ಒಂದು ಡಿಸ್ಕ್ ತೋರಿಸಿದರೆ ಸಾಕು.

ಹಂತ 5: ಕ್ಲೌಡ್ ಕಾಪಿ, ಮತ್ತು ಸಿಂಕ್‌ನ ಅಪಾಯ

ಗೂಗಲ್ ಖಾತೆಗೆ 15 ಜಿಬಿ ಉಚಿತ. ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿ 5 ಜಿಬಿ ಉಚಿತ. ಫೋಟೋ, ವಿಡಿಯೋ ಎಲ್ಲ ಸೇರಿಸಬೇಕಾದರೆ ದುಡ್ಡು ಕೊಟ್ಟು ಜಾಗ ತಗೊಳ್ಳಬೇಕು. ಬರೀ ದಾಖಲೆಗಳಿಗಾದರೆ ಉಚಿತ ಜಾಗವೇ ಬೇಕಾದಷ್ಟು.

ಅಪ್‌ಲೋಡ್‌ಗೆ ಎಷ್ಟು ಹೊತ್ತು ಅಂತ ಮೊದಲೇ ಲೆಕ್ಕ ಹಾಕಿ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ ಹೋಗುವುದು ಒಂದೂಕಾಲು ಎಂಬಿ. 100 ಜಿಬಿಗೆ ಸುಮಾರು 22 ಗಂಟೆ. ಮೊದಲು ದಾಖಲೆಗಳನ್ನು ಕಳುಹಿಸಿ, ಫೋಟೋ ಆಮೇಲೆ, ವಿಡಿಯೋ ಕೊನೆಗೆ.

ಕಂಪ್ಯೂಟರ್‌ನಲ್ಲಿ ಗೂಗಲ್ ಡ್ರೈವ್ ಪ್ರೋಗ್ರಾಂ ಹಾಕಿ, ಮೈ ಕಂಪ್ಯೂಟರ್ ವಿಭಾಗದಲ್ಲಿ ಆ್ಯಡ್ ಫೋಲ್ಡರ್ ಕೊಟ್ಟು ನಿಮ್ಮ ಫೋಲ್ಡರ್‌ಗಳನ್ನು ತೋರಿಸಿ. ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ಇದು ಸಿಂಕ್. ಕಂಪ್ಯೂಟರ್‌ನಲ್ಲಿ ಅಳಿಸಿದರೆ ಕ್ಲೌಡ್‌ನಲ್ಲೂ ಹೋಗುತ್ತದೆ. ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಬದಲಾದ ಫೈಲ್‌ನ ಹಳೆಯ ರೂಪಗಳನ್ನೂ ಡ್ರೈವ್ ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ. ಒಂದು ಫೋಲ್ಡರ್ ತಪ್ಪಿ ಅಳಿಸಿದ್ದು ಎರಡು ತಿಂಗಳು ಬಿಟ್ಟು ಗೊತ್ತಾದರೆ ಕ್ಲೌಡ್ ಉಪಯೋಗಕ್ಕೆ ಬರುವುದಿಲ್ಲ. ಆಗ ಕೈಹಿಡಿಯುವುದು ಹಾರ್ಡ್ ಡಿಸ್ಕ್‌ನ ಹಳೆಯವು ಫೋಲ್ಡರ್.

ವಿಂಡೋಸ್ 11 ಹಾಕುವಾಗ ಒನ್‌ಡ್ರೈವ್ ಎಷ್ಟೋ ಸಲ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ತಾನೇ ವಹಿಸಿಕೊಂಡುಬಿಡುತ್ತದೆ. 5 ಜಿಬಿ ತುಂಬಿದ ಮೇಲೆ ಹೊಸ ಫೈಲ್‌ಗಳು ಮೇಲೆ ಹೋಗುವುದು ನಿಲ್ಲುತ್ತದೆ. ಎಚ್ಚರಿಕೆ ಬರುತ್ತದೆ, ನಾವು ಮುಚ್ಚಿಬಿಡುತ್ತೇವೆ. ಫೈಲ್ ಪಕ್ಕದ ಗುರುತು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೋಡದ ಗುರುತು ಇದ್ದರೆ ಆ ಫೈಲ್ ಕ್ಲೌಡ್‌ನಲ್ಲಿ ಮಾತ್ರ ಇದೆ, ನಿಮ್ಮ ಡಿಸ್ಕ್‌ನಲ್ಲಿ ಇಲ್ಲ. ಎರಡು ಕಾಪಿ ಇದೆ ಅಂದುಕೊಂಡ ಕಡೆ ಒಂದೇ ಇರುತ್ತದೆ. ಅಂಥ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಕೊಟ್ಟರೆ ಪೂರ್ತಿ ಇಳಿದು ಬರುತ್ತದೆ.

ಆಧಾರ್, ಪ್ಯಾನ್, ಬ್ಯಾಂಕ್ ಕಾಗದಗಳ ಸ್ಕ್ಯಾನ್‌ಗಳನ್ನು ಹಾಗೇ ಹಾಕಬೇಡಿ. ಸೆವೆನ್-ಜಿಪ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಒಂದು ಕಟ್ಟು ಮಾಡಿ, ಉದ್ದದ ಪಾಸ್‌ವರ್ಡ್ ಕೊಟ್ಟು, ಫೈಲ್ ಹೆಸರುಗಳನ್ನೂ ಎನ್‌ಕ್ರಿಪ್ಟ್ ಮಾಡುವ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವ) ಗುರುತು ಹಾಕಿ, ಆಮೇಲೆ ಕಳುಹಿಸಿ.

ಹಂತ 6: ಫೋನ್

ಈಗ ಮನೆಯ ಫೋಟೋಗಳೆಲ್ಲ ಇರುವುದು ಫೋನ್‌ನಲ್ಲೇ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಅದರ ಸ್ಟೋರೇಜ್ ಸೇವರ್ ಆಯ್ಕೆಯಲ್ಲಿ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೋಗಳು ಕುಗ್ಗುತ್ತವೆ. ಮೂಲ ಗುಣಮಟ್ಟ ಬೇಕಿದ್ದರೆ ಒರಿಜಿನಲ್ ಕ್ವಾಲಿಟಿ ಇಡಿ. ತಿಂಗಳಿಗೊಮ್ಮೆ ಫೋನನ್ನು ಕೇಬಲ್‌ನಿಂದ ಕಂಪ್ಯೂಟರ್‌ಗೆ ಸಿಕ್ಕಿಸಿ, ಫೋನ್‌ನಲ್ಲಿ ಫೈಲ್ ಟ್ರಾನ್ಸ್‌ಫರ್ ಒತ್ತಿ, ಕ್ಯಾಮೆರಾ ಫೋಟೋಗಳಿರುವ ಡಿಸಿಐಎಂ ಫೋಲ್ಡರ್ ಪೂರ್ತಿ ಕಾಪಿ ಮಾಡಿಕೊಳ್ಳಿ.

"ಫ್ಯಾಮಿಲಿ ಗ್ರೂಪ್‌ಗೆ ಹಾಕಿದ್ದೀವಿ, ಅಲ್ಲೇ ಇರುತ್ತೆ" ಅನ್ನುವ ಮಾತಿಗೆ ಬೀಳಬೇಡಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದ ಫೋಟೋ ಕುಗ್ಗಿರುತ್ತದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಲು ಹೋದಾಗ ವ್ಯತ್ಯಾಸ ಕಾಣುತ್ತದೆ. ಮೂಲ ಗಾತ್ರದಲ್ಲೇ ಬೇಕಿದ್ದರೆ ಡಾಕ್ಯುಮೆಂಟ್ ಅಂತ ಕಳುಹಿಸಬೇಕು.

ಹಂತ 7: ವಾಪಸ್ ತೆಗೆದು ನೋಡಿ

ಇಲ್ಲಿಗೆ ಬಹಳ ಜನ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ.

2017ರ ಜನವರಿ 31ರಂದು ಸಾಫ್ಟ್‌ವೇರ್ ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ ದಿನಾ ಆಗಬೇಕಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಸಾಫ್ಟ್‌ವೇರ್ ಆವೃತ್ತಿಗಳು ಹೊಂದದೆ ಅದು ವಿಫಲವಾಗುತ್ತಿತ್ತು. ವಿಫಲವಾಯಿತು ಅಂತ ತಿಳಿಸುವ ಮೇಲ್‌ಗಳೂ ಅವರಿಗೆ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕಾಗಿ ಆರು ಗಂಟೆ ಹಿಂದೆ ಯಾರೋ ಕೈಯಾರೆ ತೆಗೆದಿಟ್ಟಿದ್ದ ಒಂದು ಕಾಪಿಯಿಂದ ಅವರು ಉಳಿದುಕೊಂಡರು. ಇದನ್ನೆಲ್ಲ ಅವರೇ ಬಹಿರಂಗವಾಗಿ ಬರೆದು ತಿಳಿಸಿದರು. ಬ್ಯಾಕಪ್ ವಾಪಸ್ ತೆಗೆಯುವುದನ್ನು ಯಾರೂ ಪರೀಕ್ಷಿಸದೇ ಇದ್ದರೆ ಎಂಥವರಿಗೂ ಹೀಗೆ ಆಗಬಹುದು.

ಮನೆಯಲ್ಲಿ ಮಾಡುವ ಪರೀಕ್ಷೆ ಸುಲಭ. ಹಾರ್ಡ್ ಡಿಸ್ಕನ್ನು ಬೇರೆಯವರ ಕಂಪ್ಯೂಟರ್‌ಗೆ ಸಿಕ್ಕಿಸಿ. ಒಂದು ಹಳೆಯ ಫೋಟೋ, ಈ ವಾರ ಬದಲಾದ ಒಂದು ಡಾಕ್ಯುಮೆಂಟ್, ಒಂದು ದೊಡ್ಡ ವಿಡಿಯೋ ಆರಿಸಿ. ಮೂರನ್ನೂ ಆ ಕಂಪ್ಯೂಟರ್‌ಗೆ ಕಾಪಿ ಮಾಡಿ ತೆರೆಯಿರಿ. ಫೋಟೋ ಪೂರ್ತಿ ಕಾಣಬೇಕು, ಅರ್ಧ ಬೂದು ಬಣ್ಣ ಇರಬಾರದು. ಡಾಕ್ಯುಮೆಂಟ್‌ನಲ್ಲಿ ಈ ವಾರದ ಬದಲಾವಣೆ ಇರಬೇಕು. ವಿಡಿಯೋವನ್ನು ಕೊನೆಯ ನಿಮಿಷಕ್ಕೆ ಓಡಿಸಿ ನೋಡಿ. ಕಾಪಿ ಮಾಡಿಟ್ಟ ಫಾಂಟ್ ಅಲ್ಲಿ ಹಾಕಿಕೊಂಡು, ನುಡಿಯಲ್ಲಿ ಟೈಪ್ ಮಾಡಿದ ಒಂದು ಫೈಲನ್ನೂ ಅಲ್ಲೇ ತೆರೆಯಿರಿ. ಫಾಂಟ್ ಕಾಪಿ ಮಾಡಿಟ್ಟದ್ದು ಸರಿ ಇದೆಯಾ ಅಂತ ಗೊತ್ತಾಗುವುದು ನುಡಿ ಇಲ್ಲದ ಕಂಪ್ಯೂಟರ್‌ನಲ್ಲೇ.

ಟ್ಯಾಲಿಯ ಬ್ಯಾಕಪ್ ಪರೀಕ್ಷಿಸುವಾಗ ಎಚ್ಚರ ಬೇಕು. ರೀಸ್ಟೋರ್ ಮಾಡಿದರೆ ಅದು ಆ ಜಾಗದಲ್ಲಿರುವ ಕಂಪನಿಯ ಈಗಿನ ಡೇಟಾ ಮೇಲೆ ಬರೆದುಬಿಡಬಹುದು. ಹಾಗಾಗಿ ಒಂದು ಖಾಲಿ ಫೋಲ್ಡರ್ ಮಾಡಿ, ಅಲ್ಲಿಗೆ ರೀಸ್ಟೋರ್ ಮಾಡಿ, ಕೊನೆಯ ವೋಚರ್ ಇದೆಯಾ ಅಂತ ನೋಡಿ.

ಈ ಪರೀಕ್ಷೆಯನ್ನು ವರ್ಷಕ್ಕೆ ನಾಲ್ಕು ಸಲ ಮಾಡಿ. ಯುಗಾದಿ, ಗಣೇಶನ ಹಬ್ಬ, ದೀಪಾವಳಿ, ಸಂಕ್ರಾಂತಿಯ ಆಸುಪಾಸು ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ.

ಹಂತ 8: ಕೀ, ಪಾಸ್‌ವರ್ಡ್‌ಗಳು ಕಾಗದದ ಮೇಲೆ

ಈಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಎಷ್ಟೋ ಕಡೆ ತಾನಾಗೇ ಆನ್ ಆಗಿರುತ್ತದೆ. ಲ್ಯಾಪ್‌ಟಾಪ್ ಕಳುವಾದರೆ ಇದು ಒಳ್ಳೆಯದು. ಆದರೆ ಮದರ್‌ಬೋರ್ಡ್ ಕೆಟ್ಟು ಡಿಸ್ಕನ್ನು ಬೇರೆ ಕಡೆ ಹಾಕಬೇಕಾದರೆ 48 ಅಂಕಿಗಳ ರಿಕವರಿ ಕೀ ಬೇಕು. ಅದು ಇಲ್ಲದಿದ್ದರೆ ಯಾವ ಸರ್ವಿಸ್ ಸೆಂಟರ್‌ನವರೂ ಫೈಲ್ ತೆಗೆದುಕೊಡಲಾರರು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಡಿವೈಸಸ್ ಪುಟಕ್ಕೆ ಹೋಗಿ, ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್‌ನ ಹೆಸರು) ಕೀ ಹುಡುಕಿ, ಈವತ್ತೇ ಬರೆದಿಟ್ಟುಕೊಳ್ಳಿ.

ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಇದ್ದರೆ ಅದರ ಹತ್ತು ಬ್ಯಾಕಪ್ ಕೋಡ್‌ಗಳನ್ನೂ ಪ್ರಿಂಟ್ ತೆಗೆಯಿರಿ. ಫೋನ್ ಕಳೆದುಹೋದ ದಿನ ಒಟಿಪಿ ಬರುವುದಿಲ್ಲ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು ಅನ್ನುವುದೂ ನೆನಪಿರಲಿ. ಬ್ಯಾಕಪ್‌ಗೆ ಅಂತಲೇ ಇನ್ನೊಂದು ಖಾತೆ ಮಾಡಿದ್ದರೆ ಆಗಾಗ ಲಾಗಿನ್ ಆಗಿ. ಇವೆಲ್ಲ ಇರುವ ಕಾಗದವನ್ನು ಮನೆಪತ್ರಗಳ ಜೊತೆ ಇಡಿ. ಡಿಸ್ಕ್ ಎಲ್ಲಿದೆ, ಯಾವ ಖಾತೆಯಲ್ಲಿ ಏನಿದೆ ಅಂತ ಮನೆಯ ಇನ್ನೊಬ್ಬರಿಗಾದರೂ ತೋರಿಸಿಕೊಡಿ.

ಡಿಸ್ಕ್ ಕೆಟ್ಟಾಗ, ಹಳೆಯದಾದಾಗ

ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರತೊಡಗಿದರೆ ತಕ್ಷಣ ಕಿತ್ತಿಡಿ. ಮತ್ತೆ ಮತ್ತೆ ಸಿಕ್ಕಿಸಿ ನೋಡಬೇಡಿ, ಒಳಗಿನ ಹಾನಿ ಹೆಚ್ಚುತ್ತದೆ. "ಫಾರ್ಮ್ಯಾಟ್ ಮಾಡಬೇಕಾ?" ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಅದರಲ್ಲಿರುವುದು ಬೇರೆ ಎರಡು ಕಡೆ ಇದ್ದರೆ ಹೊಸ ಡಿಸ್ಕ್ ತಂದು ಮೊದಲ ಕಾಪಿಯಿಂದ ಶುರು ಮಾಡಿ. ಬೇರೆಲ್ಲೂ ಇಲ್ಲದಿದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಬೇಕು. ಅದಕ್ಕೆ ಹೊಸ ಡಿಸ್ಕ್‌ನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಆಗಬಹುದು, ಸಿಕ್ಕೇ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲ್ ವಾಪಸ್ ಸಿಗುವುದು ಇನ್ನೂ ಕಷ್ಟ. ಟ್ರಿಮ್ ಅನ್ನುವ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೇ ಖಾಲಿ ಮಾಡಿಬಿಡುತ್ತದೆ.

ಡಿಸ್ಕ್‌ಗೆ ಐದು ವರ್ಷ ಆಗುತ್ತಿದ್ದಂತೆ ಹೊಸದು ತಗೊಂಡು, ಹಳೆಯದನ್ನು ಎರಡನೇ ಕಾಪಿಗೆ ಇಟ್ಟುಕೊಳ್ಳಿ. ಯಾರಿಗಾದರೂ ಕೊಡುವುದಾದರೆ, ಅಥವಾ ಎಕ್ಸ್‌ಚೇಂಜ್‌ಗೆ ಹಾಕುವುದಾದರೆ, ಕ್ವಿಕ್ ಫಾರ್ಮ್ಯಾಟ್ ಸಾಲದು. ಫಾರ್ಮ್ಯಾಟ್ ಕಿಟಕಿಯಲ್ಲಿ ಕ್ವಿಕ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ದೊಡ್ಡ ಡಿಸ್ಕ್‌ಗೆ ಕೆಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಾಕಿ ಬಿಟ್ಟರೆ ಬೆಳಿಗ್ಗೆಗೆ ಮುಗಿದಿರುತ್ತದೆ.